ಹೊರಡೋಕೆ ಮುಂಚೆ ತಲುಪಿದ ಕೂಗು

"ಲೇ, ಈ ವಾಚಲ್ಲಿ ದೊಡ್ಡ ಮುಳ್ಳು ಯಾವುದು, ಚಿಕ್ಕ ಮುಳ್ಳು ಯಾವುದು? ತೋರಿಸು ನೋಡೋಣ!"

ಎಂಜಿನಿಯರ್ ವೇಣುಗೋಪಾಲ್ ತನ್ನ ಕೈಗಡಿಯಾರ ಬಿಚ್ಚಿ ಬೈರೇಶನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದ.

ಕ್ವಾರಿಯ ಅಂಗಳದ ತುಂಬ ಜನ. ಕಲ್ಲು ಒಡೆಯೋರು, ಲಾರಿ ಡ್ರೈವರುಗಳು, ಊರಿನ ಹೆಂಗಸರು. ನಡುವೆ ಒಂದೇ ಒಂದು ಕುರ್ಚಿ, ಅದರ ಮೇಲೆ ತಹಸೀಲ್ದಾರ್. ಎಲ್ಲರ ಕಣ್ಣೂ ಬೈರೇಶನ ಮೇಲೆ.

"ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದವನು ಸಾರ್ ಇವನು. ಬಂಡೆ ಸಿಡಿಸೋ ಐದು ನಿಮಿಷ ಮೊದಲು ಸೈರನ್ ಒತ್ತಬೇಕು, ಇವನಿಗಿರೋದು ಅದೊಂದೇ ಕೆಲಸ. ಸಿಡಿದ ಮೇಲೆ ಒತ್ತಿದಾನೆ! ಹೆಣ ಬಿದ್ದ ಮೇಲೆ ಹುಷಾರು ಅಂತ ಕೂಗಿದಾನೆ!"

ಯಾರೋ ಕಿಸಕ್ಕನೆ ನಕ್ಕರು. ಹೆಣದ ಮಾತಿಗೂ ನಗೋರು ಇರ್ತಾರೆ, ಮಾತಾಡಿದವನು ಇಸ್ತ್ರಿ ಷರ್ಟು ಹಾಕಿದ್ದರೆ ಸಾಕು.

"ನಾನು ಮೊದಲೇ ಒತ್ತಿದ್ದೆ," ಅಂದ ಬೈರೇಶ. ದನಿ ಗಟ್ಟಿಯಾಗೇ ಇತ್ತು.

"ಹಾಗಾದ್ರೆ ಮಿಷನ್ ಸುಳ್ಳು ಹೇಳತ್ತೇನೋ? ಬನಶಂಕರಿ, ಓದಮ್ಮ. ಎಲ್ಲರಿಗೂ ಕೇಳೋ ಹಾಗೆ ಓದು."

ಬನಶಂಕರಿ ಮುಂದೆ ಬಂದಳು.

ಅವಳು ದೊಡ್ಡಬಳ್ಳಾಪುರದ ನೇಕಾರರ ಮನೆ ಹುಡುಗಿ. ಕಂಪ್ಯೂಟರ್ ಡಿಪ್ಲೊಮಾ ಮಾಡಿ ವೇಣುಗೋಪಾಲನ ಕಂಪನಿಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕ್ವಾರಿಯ ಸಿಡಿತಕ್ಕೆ ಮಾಕಳಿದುರ್ಗದ ಹಳೇ ಕೋಟೆಗೋಡೆ ಅದುರದ ಹಾಗೆ ನೋಡಿಕೊಳ್ಳೋದು ಆ ಕಂಪನಿಯ ಕೆಲಸ. ಬೆಟ್ಟದ ಬುಡದಲ್ಲೊಂದು ಯಂತ್ರ, ಕ್ವಾರಿಯ ಶೆಡ್ಡಿನಲ್ಲೊಂದು ಹೊಸ ಯಂತ್ರ. ಎರಡರ ಸುದ್ದಿಯೂ ಟೆಲಿಫೋನ್ ತಂತಿಯಲ್ಲಿ ಹರಿದು ಅವಳ ಮುಂದಿನ ಪರದೆಗೆ ಬರುತ್ತಿತ್ತು.

ಅವಳು ಕಾಗದ ಬಿಡಿಸಿದಳು.

"ಬೆಟ್ಟದ ಯಂತ್ರ. ಸಿಡಿತ. ಶುಕ್ರವಾರ ಹನ್ನೆರಡು ಹತ್ತು... ಕ್ವಾರಿ ಯಂತ್ರ. ಸೈರನ್. ಶುಕ್ರವಾರ ಹನ್ನೆರಡು... ಹದಿನೇಳು."

ಅಂಗಳದಲ್ಲಿ ಗುಸುಗುಸು ಎದ್ದಿತು. ನಿನ್ನೆ ತನಕ "ಸೈರನ್ ಕೇಳ್ತಪ್ಪ, ಆಮೇಲೇ ಸಿಡಿದಿದ್ದು" ಅಂತಿದ್ದ ಲಾರಿ ಡ್ರೈವರ್ ಈಗ ತಲೆ ಕೆರೆದುಕೊಂಡ. "ಹೌದಲ್ವಾ... ಮೊದಲು ಡಂ ಅಂದಿದ್ದೇ ನಂಗೂ ಕೇಳಿದ್ದು." ಪಕ್ಕದವನೂ ತಲೆಯಾಡಿಸಿದ. ಅವನ ಪಕ್ಕದವನೂ.

ನೋಡಿ, ಎರಡು ಸಾಲು ಓದಿದ್ದಷ್ಟೇ. ಇಡೀ ಊರಿನ ಕಿವಿಯೇ ಬದಲಾಗಿಹೋಯ್ತು!

ಸಿಡಿದ ಕಲ್ಲು ಬಡಿದು ಸತ್ತವನು ಮೇಕೆ ಮೇಯಿಸೋ ಪಿಳ್ಳಣ್ಣ. ಬೈರೇಶನಿಗೆ ಸ್ವಂತ ಸೋದರಮಾವ. ಪಿಳ್ಳಣ್ಣನ ಹೆಂಡತಿ ಮುನಿವೆಂಕಟಮ್ಮ ಗುಂಪು ಸೀಳಿಕೊಂಡು ಬಂದಳು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಬೈರೇಶನ ಮುಖಕ್ಕೆ ಎರಚಿದಳು.

"ನಿನ್ನ ಎತ್ತಿ ಆಡಿಸಿದೋನನ್ನೇ ನುಂಗ್ಬಿಟ್ಟೆಯಲ್ಲೋ ಬೈರಾ!"

ಅವನು ಕಣ್ಣು ಒರೆಸಿಕೊಳ್ಳಲಿಲ್ಲ. ಮಣ್ಣು ಮೆತ್ತಿದ ರೆಪ್ಪೆಗಳ ನಡುವಿಂದ ಬನಶಂಕರಿಯನ್ನು ನೋಡಿದ.

ಆ ನೋಟದಲ್ಲಿ ಕೋಪ ಇರುತ್ತೆ ಅಂದುಕೊಂಡಿದ್ದಳು. ಇರಲಿಲ್ಲ. ಅಲ್ಲಿದ್ದದ್ದು ಒಂದು ಪ್ರಶ್ನೆ... 'ಹೌದಾ? ನಾನು ಹಾಗೆ ಮಾಡಿದ್ನಾ?'



ತಹಸೀಲ್ದಾರ್ ಎದ್ದು ನಿಂತರು. "ಮುಂದಿನ ಸೋಮವಾರ ಬಿಟ್ಟು ಆಚೆ ಸೋಮವಾರ ಮತ್ತೆ ಬರ್ತೀನಿ. ಬೇರೆ ಸಾಕ್ಷಿ ಇಲ್ಲದಿದ್ರೆ ಅವತ್ತೇ ಇವನನ್ನ ಪೊಲೀಸರಿಗೆ ಒಪ್ಪಿಸ್ತೀನಿ. ಅಲ್ಲೀತನಕ ಕ್ವಾರಿಗೆ ಬೀಗ."

*

ಮಾರನೇ ದಿನ, ಮಂಗಳವಾರ ಮಧ್ಯಾಹ್ನ.

ಬನಶಂಕರಿಯ ಆಫೀಸು ಇದ್ದದ್ದು ಮಗ್ಗಗಳ ಬೀದಿಯಲ್ಲಿ. ಬೆಳಗಿಂದ ಸಂಜೆವರೆಗೂ ಪವರ್‌ಲೂಮುಗಳ ಕಟಕಟ. ಹುಟ್ಟಿದಾಗಿಂದ ಆ ಸದ್ದಿನಲ್ಲೇ ಬೆಳೆದವಳಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಕರೆಂಟ್ ಹೋದಾಗ ಬರುವ ಮೌನ ಮಾತ್ರ ಕಿವಿಗೆ ಹೊಡೆಯುತ್ತಿತ್ತು.

ಕರೆಂಟ್ ಹೋಯಿತು.

ಬೀದಿಯ ಮಗ್ಗಗಳೆಲ್ಲ ಒಟ್ಟಿಗೇ ಉಸಿರು ಬಿಟ್ಟವು. ಬ್ಯಾಟರಿಯ ಮೇಲೆ ಅವಳ ಯಂತ್ರವೊಂದೇ ಮಂಕಾಗಿ ಉರಿಯುತ್ತಿತ್ತು. ಪರದೆಯ ಮೇಲೆ ಹೊಸ ಸಾಲೊಂದು ಮೂಡಿತು.

ಕ್ವಾರಿ. ಸೈರನ್. ಹನ್ನೆರಡು ಗಂಟೆ.



ಬೀಗ ಹಾಕಿದ ಕ್ವಾರಿ! ಸೈರನ್ನಿನ ಕರೆಂಟನ್ನು ನಿನ್ನೆಯೇ ಕಿತ್ತಿದ್ದಾರೆ. ಶೆಡ್ಡಿನ ಹಿಂದಿನ ಗೋಡೆಯಲ್ಲಿರೋ ಅದರ ಗುಂಡಿಯಿಂದ ಒಳಗಿನ ಯಂತ್ರಕ್ಕೆ ಹೋಗುವ ತಂತಿ ಮಾತ್ರ ಹಾಗೇ ಇದೆ. ಯಾರಾದರೂ ಒತ್ತಿದರೆ ಕೂಗು ಬರುವುದಿಲ್ಲ, ಸುದ್ದಿ ಮಾತ್ರ ಬರುತ್ತೆ. ಆದರೆ ಒತ್ತೋರು ಯಾರು?

ವೇಣುಗೋಪಾಲ್‌ಗೆ ಫೋನ್ ಮಾಡಿದಳು. ಅವನು ವಾಚ್‌ಮನ್‌ನ ಕಳಿಸಿ ವಿಚಾರಿಸಿ ಸಿಡುಕಿದ.

"ಶೆಡ್ಡಿನ ಬೀಗ ಹಾಗೇ ಇದೆಯಂತೆ. ಆ ಪುಕ್ಕಲ ಗೇಟಿನಿಂದಾನೇ ನೋಡಿ ಓಡಿ ಬಂದಿದಾನೆ, ಪಿಳ್ಳಣ್ಣ ಬಂದು ಒತ್ತುತ್ತಾನೆ ಅಂತಾನೆ. ನೀನೂ ಶುರು ಹಚ್ಕೋಬೇಡ."

ಬುಧವಾರವೂ ಬಂತು. ಗುರುವಾರವೂ ಬಂತು. ನಡುಮಧ್ಯಾಹ್ನ, ಅದೇ ಹೊತ್ತಿಗೆ. ಸತ್ತವರು ಇಷ್ಟು ಸರಿಯಾಗಿ ಗಡಿಯಾರ ನೋಡ್ತಾರಾ?

ಶುಕ್ರವಾರ ಅವಳು ಅಪ್ಪನಿಗೆ ಸುಳ್ಳು ಹೇಳಿ ಗೌರಿಬಿದನೂರಿನ ಬಸ್ಸು ಹತ್ತಿದಳು.

*

ಗೇಟಿನಲ್ಲಿ ವಾಚ್‌ಮನ್ ಇರಲಿಲ್ಲ, ಬೇಲಿಯ ಸಂದಿನಲ್ಲಿ ನುಸುಳಿ ಒಳಗೆ ಬಂದಳು. ಬಿಸಿಲಲ್ಲಿ ಕ್ವಾರಿ ಬಾಯಿ ತೆರೆದುಕೊಂಡು ಮಲಗಿತ್ತು. ಹಳ್ಳದ ತಳದಲ್ಲಿ ಹಸಿರು ನೀರು, ಅದರ ಮೇಲೆ ಒಂದು ಅಲೆಯೂ ಇಲ್ಲ. ಅವಳು ಕಾಲಿಟ್ಟಲ್ಲಿ ಜಲ್ಲಿ ಕರಕರ ಅಂದರೆ, ಎದುರು ಬಂಡೆಯಿಂದ ಇನ್ಯಾರೋ ನಡೆದ ಹಾಗೆ ಕರಕರ ಅಂತ ವಾಪಸ್ ಬರುತ್ತಿತ್ತು. ಅವಳು ನಿಂತಳು. ಆ ಸದ್ದು ಇನ್ನೊಂದು ಹೆಜ್ಜೆ ಇಟ್ಟು ಆಮೇಲೆ ನಿಂತಿತು.

ಅಂಚಿನಲ್ಲಿ ಒಂದು ಮೇಕೆ. ಮೇಯುತ್ತಿರಲಿಲ್ಲ. ಪಿಳ್ಳಣ್ಣ ಬಿದ್ದ ಜಾಗವನ್ನೇ ದಿಟ್ಟಿಸುತ್ತಾ, ಕಿವಿ ನಿಮಿರಿಸಿಕೊಂಡು, ಯಾರದೋ ಮಾತು ಕೇಳುತ್ತಿರುವ ಹಾಗೆ ನಿಂತಿತ್ತು.

ಎಲ್ಲಿಂದಲೋ ಪೀಂ... ಪೀಂ... ಅಂತ ಸಣ್ಣ ದನಿ.

ಆಮೇಲೆ 'ಟಕ್'.

"ಯಾರು?!" ಕಿರುಚಿಯೇಬಿಟ್ಟಳು.

ಶೆಡ್ಡಿನ ಹಿಂದಿನಿಂದ ಬೈರೇಶ ಹೊರಬಂದ. ಕೈಯಲ್ಲಿ ಟ್ರಾನ್ಸಿಸ್ಟರ್.

"ದೆವ್ವ ಅಲ್ಲ ಮೇಡಂ. ಮನುಷ್ಯನೇ. ನಿಮ್ಮ ಮಿಷನ್ ಒಪ್ಪಬೇಕು ಅಷ್ಟೆ."

"ನೀವಾ... ದಿನಾ ನೀವಾ ಒತ್ತಿದ್ದು?"

"ಕಂಡಿತಾ?" ಅವನು ಒಂದು ಹೆಜ್ಜೆ ಮುಂದೆ ಬಂದ. ಕಣ್ಣಲ್ಲಿ ಆಸೆ. "ರೇಡಿಯೋ ಹನ್ನೆರಡು ಹೊಡೆದ ತಕ್ಷಣ ಒತ್ತುತ್ತೀನಿ. ನಿಮಗೆ ಎಷ್ಟು ಅಂತ ಬಂತು?"

"ಹನ್ನೆರಡು. ಸರಿಯಾಗಿ."

ಆಸೆ ಆರಿಹೋಯ್ತು. ಕಲ್ಲಿನ ಮೇಲೆ ಕುಸಿದು ಕೂತ.

"ಹಾಗಾದ್ರೆ ಅದು ಸರಿಯಾಗೇ ಇದೆ... ಅದು ತಪ್ಪು ತೋರಿಸಿದ್ರೆ ನಾನು ಸರಿ ಅಂತ ಆಗ್ತಿತ್ತು. ಮೇಡಂ, ನಾನು ಹುಷಾರಿನ ಕೆಂಪು ಬಾವುಟ ಏರಿಸಿದ್ದು ನೆನಪಿದೆ. ಗುಂಡಿ ಒತ್ತಿದ್ದು ನೆನಪಿದೆ. ಕೂಗು ಕೇಳಿ ಮಾವ ದಿಣ್ಣೆ ಮೇಲಿಂದ ಕೈ ಬೀಸಿದ್ದೂ ನೆನಪಿದೆ! ಆದ್ರೆ ಎಲ್ಲರೂ ಇಲ್ಲ ಅಂತಾರೆ. ದಿನಾ ಬೆಳಗಾದ್ರೆ ಆ ಕೈ ಒಂಚೂರು ಮಸುಕಾಗ್ತಾ ಇದೆ. ನಾಳೆ ನಾನೇ 'ಹೌದು, ಆಮೇಲೆ ಒತ್ತಿದೆ' ಅಂದ್ಬಿಡ್ತೀನೇನೋ ಅಂತ... ಅದೇ ಭಯ."

ಒಬ್ಬ ಮನುಷ್ಯನ ನೆನಪನ್ನು ಬೇರೆಯವರು ಹೀಗೆ ದಿನಾ ಚೂರುಚೂರಾಗಿ ಕಿತ್ತುಕೊಳ್ಳಬಹುದಾ? ಕಿತ್ತುಕೊಳ್ಳೋಕೆ ಕಾಗದ ಓದಿದ್ದು ತನ್ನ ಬಾಯಿ!

"ಮರೀಬೇಡಿ," ಅಂದಳು ಕೊನೆಗೆ. "ದಿನಾ ಒತ್ತಿ. ಆ ಕಡೆ ನಾನು ನೋಡ್ತಾ ಇರ್ತೀನಿ."

"ನೋಡಿದ್ರಿ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ಶೆಡ್ಡಿನ ಕಿಟಕೀಲಿ ಇಣುಕಿ. ಯಂತ್ರದ ಮೇಲೊಂದು ಕೆಂಪು ದೀಪ ಇದೆ. ನಾನು ಅಲ್ಲಿಂದ ಸುದ್ದಿ ಕಳಿಸಿದ್ರೆ ಅದು ಮಿಣುಕತ್ತೆ."

ಅವನು ಅವಳನ್ನೇ ನೋಡಿದ. ಮೊದಲ ಸಲ, ತುಟಿಯ ಅಂಚಿನಲ್ಲಿ ಒಂದು ಸಣ್ಣ ನಗು.

"ಸರಿ ಮೇಡಂ."

"ಬನಶಂಕರಿ ಅನ್ನಿ."

*

ಆಮೇಲೆ ಮಧ್ಯಾಹ್ನಗಳಿಗೆ ಬೇರೆಯೇ ಬಣ್ಣ ಬಂತು.

ಪರದೆಯ ಮೇಲೆ 'ಸೈರನ್' ಅಂತ ಮೂಡಿದ ಕೂಡಲೇ ಅವಳ ಬೆರಳು ಓಡುತ್ತಿತ್ತು. ಏಳೆಂಟು ಮೈಲಿ ಆಚೆ, ಬೀಗ ಹಾಕಿದ ಕತ್ತಲ ಶೆಡ್ಡಿನ ಧೂಳು ಹಿಡಿದ ಕಿಟಕಿಗೆ ಹೊರಗಿನಿಂದ ಹಣೆ ಒತ್ತಿ ನಿಂತವನ ಕಣ್ಣಲ್ಲಿ ಕೆಂಪು ದೀಪ ಮಿಣುಕುತ್ತಿತ್ತು.

ಮೂರನೇ ದಿನ ಅವನು ಎರಡು ಸಲ ಒತ್ತಿದ. ಅವಳು ಬಸ್ಸು ಹತ್ತಿ ಕೇಳೋಕೇ ಹೋದಳು.

"ಒಂದು ಸಲ ಒತ್ತಿದ್ರೆ 'ಇದೀನಿ' ಅಂತ. ಎರಡು ಸಲಕ್ಕೆ ಏನರ್ಥ?"

"ಅದೆಲ್ಲ ತಂತೀಲಿ ಹೇಳೋಕಾಗಲ್ಲ. ನಿಮ್ಮ ಎಂಜಿನಿಯರ್ ಕದ್ದು ಕೇಳಿಸ್ಕೊಂಡ್ರೆ?"

"ಈಗ ಎದುರಿಗೇ ಇದೀನಲ್ಲ, ಹೇಳಿ."

"ಎದುರಿಗೆ ಇನ್ನೂ ಕಷ್ಟ!"

ಇಬ್ಬರೂ ನಕ್ಕರು. ಎದುರು ಬಂಡೆಯೂ ನಕ್ಕಿತು... ಆದರೆ ಬಂಡೆಯ ನಗು ಒಂದು ಗಳಿಗೆ ಜಾಸ್ತಿ ಉಳಿಯಿತು. ಮೇಕೆ ತಿರುಗಿ ನೋಡಿತು.

ಅವತ್ತು ಆಫೀಸಿಗೆ ಬಂದವಳಿಗೆ ಒಂದು ಹುಚ್ಚು ಆಸೆ ಹುಟ್ಟಿತು. 'ಅವನ ಬೆರಳಿಂದ ನನ್ನ ಕಣ್ಣಿಗೆ ಬರೋಕೆ ಎಷ್ಟು ಹೊತ್ತು ಬೇಕು?'

ಪ್ರೀತಿಸೋರಿಗೆ ಇಂಥ ಲೆಕ್ಕಗಳೇ ಬೇಕಾಗೋದು, ಅಲ್ವಾ?

ಅದನ್ನು ತಿಳಿಯೋ ದಾರಿ ಇತ್ತು. ಪ್ರತಿ ಸುದ್ದಿಯೂ ಪುಟ್ಟ ಪೊಟ್ಟಣವಾಗಿ ಬರುತ್ತಿತ್ತು, ಪ್ಯಾಕೆಟ್ ಅಂತಾರೆ ಅದಕ್ಕೆ. ಹೊರಡುವಾಗ ಅದರ ಮೇಲೆ ಕ್ವಾರಿ ಯಂತ್ರದ ಹೊತ್ತು ಬೀಳುತ್ತೆ. ಈ ಕಡೆ ಬಂದು ಮುಟ್ಟಿದಾಗ ಅವಳ ಯಂತ್ರದ ತಿರುಳು, ಕರ್ನಲ್ ಅನ್ನೋ ಭಾಗ, ಯಾರಿಗೂ ಹೇಳದೆ ಇನ್ನೊಂದು ಹೊತ್ತು ಒತ್ತಿಟ್ಟುಕೊಳ್ಳುತ್ತೆ. ಕಾಗದ ಬಂದ ಊರಿನ ಪೋಸ್ಟಾಫೀಸು ಮುದ್ರೆ ಹಾಕೋದಿಲ್ಲವೇ, ಹಾಗೆ. ಆ ಎರಡನೇ ಮುದ್ರೆಯನ್ನು ಯಾರೂ ನೋಡುತ್ತಿರಲಿಲ್ಲ. ವಿಚಾರಣೆಗೆ ಕೊಟ್ಟ ಕಾಗದದಲ್ಲೂ ಅದು ಇರಲಿಲ್ಲ.

ಅವಳು ನೋಡಿದಳು. ಹೊರಟಿದ್ದಕ್ಕೂ ತಲುಪಿದ್ದಕ್ಕೂ ನಡುವೆ ಕಣ್ಣು ಮಿಟುಕಿಸುವಷ್ಟೂ ಅಂತರ ಇರಲಿಲ್ಲ. ಅವಳ ಮುಖ ಅರಳಿತು. ನಿನ್ನೆಯದು ನೋಡಿದಳು, ಮೊನ್ನೆಯದು, ಅದರ ಹಿಂದಿನದು... ಹಾಗೇ ಹಿಂದೆ ಹಿಂದೆ ಹೋಗಿ ಆ ಶುಕ್ರವಾರದ ಮೊದಲ ಸೈರನ್ ಸಿಕ್ಕಿತು.

ಹೊರಟಿದ್ದು: ಹನ್ನೆರಡು ಹದಿನೇಳು.

ತಲುಪಿದ್ದು: ಹನ್ನೆರಡು ಐದು.

ಅವಳು ಮತ್ತೆ ಓದಿದಳು. ಕಣ್ಣುಜ್ಜಿಕೊಂಡು ಮತ್ತೊಮ್ಮೆ.

ಹೊರಡುವ ಮೊದಲೇ ತಲುಪಿದೆ!

ಬೀದಿಯ ಮಗ್ಗಗಳ ಸದ್ದು ದೂರ ದೂರ ಹೋಯಿತು. ಪಿಳ್ಳಣ್ಣ ಸತ್ತ ದಿನ, ಯಾರೂ ಇನ್ನೂ ಒತ್ತದ ಗುಂಡಿಯ ಕೂಗು ಇಲ್ಲಿಗೆ ಬಂದು ಕೂತಿತ್ತಾ? ಇಲ್ಲಿ, ಇದೇ ಕುರ್ಚಿಯ ಮುಂದೆ? ಹಿಂದೆ ಯಾರೋ ನಿಂತ ಹಾಗೆ ಅನಿಸಿ ತಿರುಗಿದಳು. ಗೋಡೆ ಬಿಟ್ಟರೆ ಏನೂ ಇಲ್ಲ.

ಮುಂದಿನ ಸಾಲುಗಳನ್ನು ನೋಡಿದಳು. ಕ್ವಾರಿ ಯಂತ್ರ ಆಗಾಗ ಕಳಿಸುವ ಸಣ್ಣಪುಟ್ಟ ಸುದ್ದಿಗಳು. ಶುಕ್ರವಾರ ಪೂರ್ತಿ ಎಲ್ಲವೂ ಹೊರಡುವ ಮೊದಲೇ ತಲುಪಿದ್ದವು. ಶನಿವಾರ ಅಂತರ ಅರ್ಧ ಕರಗಿತ್ತು. ಭಾನುವಾರ ಬೆಳಿಗ್ಗೆ ಏನೂ ಉಳಿದಿರಲಿಲ್ಲ. ಯಾರೋ ದಾರಿಯಲ್ಲಿ ನಿಧಾನಕ್ಕೆ ಹೆಜ್ಜೆ ಹಾಕಿ, ಹಿಂದಿದ್ದವರನ್ನು ಜೊತೆಗೆ ಸೇರಿಸಿಕೊಂಡ ಹಾಗೆ.

ಹನ್ನೆರಡು ನಿಮಿಷ...

ಆಗ ನೆನಪಾಯ್ತು.

*

ಆ ಶುಕ್ರವಾರ ಕ್ವಾರಿಯ ಶೆಡ್ಡಿನಲ್ಲಿ ಹೊಸ ಯಂತ್ರಕ್ಕೆ ಪೂಜೆ ಇತ್ತು. ಅರಿಶಿನ ಕುಂಕುಮ, ಬಾಳೆಹಣ್ಣು, ತೆಂಗಿನಕಾಯಿ, ಯಂತ್ರದ ತಲೆ ಮೇಲೆ ಒಂದು ಮೊಳ ಮಲ್ಲಿಗೆ. ಗಂಟೆ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಶುಕ್ರವಾರ ಹನ್ನೆರಡರ ತನಕ ರಾಹುಕಾಲ. ಮುಗಿಯದೆ ಯಂತ್ರ ಶುರು ಮಾಡುವ ಹಾಗಿಲ್ಲ.

ವೇಣುಗೋಪಾಲ್‌ಗೆ ಬೆಂಗಳೂರಿಗೆ ಹೋಗುವ ಅವಸರ.

"ಅಲ್ಲೀತನಕ ಯಾರು ಕಾಯ್ತಾರೆ? ಮಿಷನ್ ಗಡಿಯಾರಾನೇ ಹನ್ನೆರಡು ದಾಟಿಸಿಬಿಡಮ್ಮ. ಅದರ ಪಾಲಿಗೆ ರಾಹುಕಾಲ ಮುಗೀತು! ಆಮೇಲೆ ಆಫೀಸ್ ಮಿಷನ್ ನೋಡ್ಕೊಂಡು ಅದೇ ಸರಿಹೋಗತ್ತೆ."

ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ನಗುತ್ತಲೇ ಗಡಿಯಾರವನ್ನು ಹನ್ನೆರಡು ನಿಮಿಷ ಮುಂದೆ ತಳ್ಳಿದ್ದಳು. ಕಾಯಿ ಒಡೆದು ಜೀಪು ಹತ್ತಿ ಹೊರಟಿದ್ದರು. ಅವರ ಜೀಪು ಕೂಗು ಕೇಳಿಸದಷ್ಟು ದೂರ ಹೋದ ಮೇಲೆ ಬೈರೇಶ ಗುಂಡಿ ಒತ್ತಿದ್ದ.

ಯಂತ್ರ ಸರಿಹೋಗಿದ್ದೂ ನಿಜವೇ. ಆದರೆ ಗಡಿಯಾರವನ್ನು ಒಮ್ಮೆಲೇ ಹಿಂದಕ್ಕೆ ತಿರುಗಿಸಿದರೆ ಒಳಗಿನ ಕೆಲಸಗಳ ಹಿಂದುಮುಂದೆಲ್ಲ ಕೆಡುತ್ತೆ. ಅದಕ್ಕೇ ಕರ್ನಲ್ ಹಾಗೆ ಮಾಡುವುದಿಲ್ಲ. ಒಂದೊಂದು ಸೆಕೆಂಡನ್ನೂ ಕೂದಲೆಳೆಯಷ್ಟು ನಿಧಾನ ಮಾಡುತ್ತಾ, ನಿಜವಾದ ಹೊತ್ತು ಬಂದು ಜೊತೆಯಾಗುವ ತನಕ ಕಾಯುತ್ತೆ. ಸೋಮವಾರ ವಿಚಾರಣೆಗೆ ಮೊದಲು ಅವಳೇ ರೇಡಿಯೋ ಹಿಡಿದು ಪರೀಕ್ಷೆ ಮಾಡಿ 'ಸರಿಯಾಗಿದೆ' ಅಂದಿದ್ದಳು. ಸರಿಯಾಗೇ ಇತ್ತು. ಒಂದು ಗುರುತೂ ಬಿಡದೆ ಸರಿಯಾಗಿತ್ತು!

'ಅಯ್ಯೋ... ನನ್ನ ಕೈ. ನನ್ನದೇ ಕೈ!'

ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಸಂಜೆ ಆಫೀಸಿಗೆ ಬಂದ ವೇಣುಗೋಪಾಲ್ ಅವಳು ಹೇಳಿದ್ದೆಲ್ಲವನ್ನೂ ಕೇಳಿದ. ಅವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

"ನಿಮಗೆ ಗೊತ್ತಿತ್ತಾ ಸಾರ್?"

"ಟೈಪ್ ಮಾಡಿದ ಬೆರಳು ಯಾರದು?" ಅಂದ ತಣ್ಣಗೆ. "ರಾಹುಕಾಲ ತಪ್ಪಿಸೋಕೆ ಗಡಿಯಾರ ತಿರುಗಿಸಿದೆ ಅಂತ ತಹಸೀಲ್ದಾರ್ ಮುಂದೆ ಹೇಳ್ತೀಯಾ? ಹೇಳು. ಕೆಲಸ ಹೋಗತ್ತೆ, ಮಾನಾನೂ ಹೋಗತ್ತೆ. ದಿನಾ ಕ್ವಾರಿಗೆ ಯಾಕೆ ಓಡ್ತೀಯ ಅಂತ ನಿಮ್ಮಪ್ಪನಿಗೆ ನಾನೇ ಹೇಳ್ಬೇಕಾಗತ್ತೆ. ಒಬ್ಬ ಸೈರನ್ ಒತ್ತೋನು ಒಳಗೆ ಹೋದ್ರೆ ಯಾರ ಗಂಟು ಏನು ಹೋಗತ್ತೆ?"

ಕಾಲೇಜು ಕಲಿಸೋದು ಇದನ್ನೇನಾ? ಬೇರೆಯವರ ಬದುಕಿನ ಮೇಲೆ ಕಾಲಿಟ್ಟು ನಿಂತು, ಯಾರ ಗಂಟು ಏನು ಹೋಗತ್ತೆ ಅಂತ ಕೇಳೋದನ್ನ?

*

ಮಾರನೇ ಮಧ್ಯಾಹ್ನ ಕ್ವಾರಿಯಲ್ಲಿ ಅವಳು ಒಂದಕ್ಷರ ಬಿಡದೆ ಹೇಳಿದಳು.

ಬೈರೇಶನ ಕೈಯಿಂದ ಟ್ರಾನ್ಸಿಸ್ಟರ್ ಜಾರಿತು. ಮೊದಲು ಅವನ ಮುಖ ಬೆಳಗಿತು. "ಹಾಗಾದ್ರೆ ನಾನು ಮೊದಲೇ... ನಾನು ಹುಚ್ಚ ಅಲ್ಲ! ಮಾವ ಕೈ ಬೀಸಿದ್ದು ನಿಜ!" ಆಮೇಲೆ ಅವಳು ಹೇಳಿದ್ದರ ಇನ್ನರ್ಧ ಅವನೊಳಗೆ ಇಳಿಯಿತು.

"ನೀವಾ?"

"ಬೈರೇಶ್, ನನಗೆ ಗೊತ್ತಿರ್ಲಿಲ್ಲ..."

"ಗಡಿಯಾರ ತಿರುಗಿಸಿದ್ದು ನೀವು. ಕಾಗದ ಓದಿದ್ದು ನೀವು. ಮಣ್ಣು ಬಿದ್ದಿದ್ದು ನನ್ನ ಮುಖಕ್ಕೆ! ಆಮೇಲೆ ದೀಪ ಮಿಣುಕಿಸಿ ಸಮಾಧಾನ ಬೇರೆ... ಆ ಎಂಜಿನಿಯರೇ ಕಳಿಸಿದ್ನಾ, ಹೋಗಿ ಇವನನ್ನ ಸುಮ್ಮನಿರಿಸು ಅಂತ?"

"ದೇವರಾಣೆ ಇಲ್ಲ!"

"ನಿಮ್ಮ ದೇವರಿಗೇ ಸುಳ್ಳು ಟೈಮ್ ಹೇಳಿ ಮೋಸ ಮಾಡ್ದೋರು ನೀವು. ಆಣೆ ಬೇರೆ."

ಅವನು ಬಂಡೆ ಹತ್ತಿ ಆಚೆ ಇಳಿದುಹೋದ.

ಮರುದಿನ ಹನ್ನೆರಡಾಯ್ತು. ಪರದೆ ಖಾಲಿ. ಅದರ ಮರುದಿನವೂ ಖಾಲಿ. ಅವಳೇ ಸುದ್ದಿ ಕಳಿಸಿ ದೀಪ ಮಿಣುಕಿಸಿದಳು, ನೋಡುವವರಿಲ್ಲದ ಕಿಟಕಿಗೆ, ಮತ್ತೆ ಮತ್ತೆ.

ಶನಿವಾರ ಕರೆಂಟ್ ಹೋಗಿ ಮಗ್ಗಗಳು ನಿಂತ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಬೈರೇಶ. ಹೆಗಲಲ್ಲಿ ಒಂದು ಚೀಲ.

"ಊರು ಬಿಟ್ಟು ಹೋಗ್ತಾ ಇದೀನಿ. ಹೇಳ್ದೆ ಹೋಗೋಕೆ ಮನಸ್ಸಾಗ್ಲಿಲ್ಲ." ಅವನು ನೆಲ ನೋಡುತ್ತಿದ್ದ. "ನೀವು ಹೇಳಿದ್ರೂ ಯಾರು ನಂಬ್ತಾರೆ? ನನ್ನ ಅತ್ತೇನೇ ನಂಬ್ಲಿಲ್ಲ."

"ಹೋದ್ರೆ ನೀವೇ ತಪ್ಪು ಒಪ್ಕೊಂಡ ಹಾಗೆ ಬೈರೇಶ್!"

"ಇದ್ರೂ ಅಷ್ಟೇ ಅಲ್ವಾ..."

ಅವನು ಮಾತು ನಿಲ್ಲಿಸಿದ. ಅವಳ ಭುಜದ ಆಚೆ, ಮಂಕು ಪರದೆಯ ಮೇಲೆ ಅವನ ಕಣ್ಣು ನೆಟ್ಟಿತ್ತು. ಅವಳು ತಿರುಗಿದಳು.

ಕ್ವಾರಿ. ಸೈರನ್. ಹನ್ನೆರಡು ಐದು.



"ಬೇರೆ ಯಾರಾದ್ರೂ...?" ಪಿಸುಗುಟ್ಟಿದಳು.

"ಶೆಡ್ಡಿನ ಹಿಂದಕ್ಕೆ ಹತ್ತೋ ದಾರಿ ನನಗೊಬ್ಬನಿಗೇ ಗೊತ್ತು. ಮಾವ ತೋರಿಸಿದ್ದು."

"ತಂತಿ ತೇವಕ್ಕೆ ತಾಗಿರಬಹುದು..."

"ಮಳೆ ಬಂದು ತಿಂಗಳಾಯ್ತು."

ಅವಳು ತಲುಪಿದ ಹೊತ್ತನ್ನೂ ನೋಡಿದಳು. ಹನ್ನೆರಡು ಐದು. ಈ ಸಲ ಹಿಂದಿಲ್ಲ, ಮುಂದಿಲ್ಲ. ಅವತ್ತು ಬೈರೇಶ ಗುಂಡಿ ಒತ್ತಿದ ಅದೇ ಹೊತ್ತು, ನಿಜವಾದ ಹೊತ್ತು, ಯಾರೋ ಬೆರಳಿಟ್ಟು ತೋರಿಸಿದ ಹಾಗೆ.

ಪರದೆಯ ಮೇಲೆ ಇನ್ನೊಮ್ಮೆ ಮೂಡಿತು. ಸೈರನ್.

ಬನಶಂಕರಿಯ ಕೈ ತಾನಾಗಿ ಚಾಚಿಕೊಂಡಿತು. ಯಾರೂ ಇಲ್ಲದ ಆ ಶೆಡ್ಡಿಗೆ ಒಂದು ಸುದ್ದಿ ಕಳಿಸಿದಳು. ಅಲ್ಲಿ ದೀಪ ಮಿಣುಕಿರಬೇಕು. ಯಾರೋ ನೋಡಿರಬೇಕು. ಆಮೇಲೆ ಪರದೆ ಸುಮ್ಮನಾಯಿತು.

ಬೈರೇಶನ ಕೆನ್ನೆ ಒದ್ದೆಯಾಗಿತ್ತು. "ಮಾವ..." ಅಂದ, ಅಷ್ಟೆ.

"ಹೋಗಬೇಡಿ," ಅಂದಳು. "ಸೋಮವಾರ ನಾನು ಮಾತಾಡ್ತೀನಿ. ನನ್ನ ಮೇಲೆ ಕೋಪ ಇರ್ಲಿ. ಆದ್ರೆ ಹೋಗಬೇಡಿ."

ಅವನು ಹೆಗಲಿನ ಚೀಲ ಕೆಳಗಿಟ್ಟ.

*

ಸೋಮವಾರ ಮತ್ತೆ ಅದೇ ಅಂಗಳ, ಅದೇ ಜನ. ಗೇಟಿನ ಆಚೆ ಪೊಲೀಸ್ ಜೀಪು ಕಾಯುತ್ತಿತ್ತು.

"ಸಾರ್, ಒಂದು ಪ್ರಶ್ನೆ," ಬನಶಂಕರಿ ತಹಸೀಲ್ದಾರ್ ಮುಂದೆ ನಿಂತಳು. "ಒಂದು ಕಾಗದ ಪೋಸ್ಟಿಗೆ ಹಾಕೋಕೆ ಮುಂಚೆ ನಿಮ್ಮ ಮನೆ ಸೇರತ್ತಾ?"

"ಏನಮ್ಮಾ ಹಾಗಂದ್ರೆ?"

"ಬೈರೇಶ್ ಒತ್ತಿದ ಸೈರನ್ ನನ್ನ ಯಂತ್ರಕ್ಕೆ ತಲುಪಿದ್ದು ಹನ್ನೆರಡು ಐದಕ್ಕೆ. ಹೊರಟಿದ್ದು ಹನ್ನೆರಡು ಹದಿನೇಳಕ್ಕೆ ಅಂತ ಇವರ ಕಾಗದ ಹೇಳತ್ತೆ. ಹೊರಟ ಹೊತ್ತು ಸುಳ್ಳು ಸಾರ್. ಆ ಸುಳ್ಳು ಬರೆದಿದ್ದು ನಾನು."

ರಾಹುಕಾಲದಿಂದ ಶುರುಮಾಡಿ ಎಲ್ಲ ಹೇಳಿದಳು. ಗಡಿಯಾರ ಹೇಗೆ ಸದ್ದಿಲ್ಲದೆ ಸರಿಹೋಯ್ತು ಅನ್ನೋದನ್ನೂ, ವೇಣುಗೋಪಾಲ್ ಹೆದರಿಸಿದ್ದನ್ನೂ ಬಿಡಲಿಲ್ಲ. ತಹಸೀಲ್ದಾರ್ ಎರಡೂ ಹೊತ್ತುಗಳಿದ್ದ ಹಾಳೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

ವೇಣುಗೋಪಾಲ್ ಕಿರುಚಿದ. "ಸಾರ್, ಇವಳ ಮಾತು ನಂಬಬೇಡಿ! ದಿನಾ ಇಲ್ಲಿಗೆ ಬಂದು ಅವನ ಜೊತೆ ಓಡಾಡ್ತಾಳೆ. ಕೇಳಿ ಬೇಕಾದ್ರೆ, ಅವನು ಇವಳಿಗೆ ಏನಾಗ್ಬೇಕು ಅಂತ!"

ಜನ ಗೊಳ್ಳೆಂದರು. ಬನಶಂಕರಿಯ ಕಿವಿ ಕೆಂಪಾಯಿತು. ಒಂದು ಕ್ಷಣ ತಲೆ ತಗ್ಗಿಸಿದಳು. ಆಮೇಲೆ ಎತ್ತಿದಳು.

"ಹೌದು ಸಾರ್. ಅವರಂದ್ರೆ ನನಗೆ ಪ್ರಾಣ. ಆದ್ರೆ ಅದು ನನಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಮುದ್ರೆ ಬಿದ್ದ ಹೊತ್ತಿಗೆ ನಾನು ಅವರ ಮುಖಾನೇ ನೋಡಿರ್ಲಿಲ್ಲ."

ನಗು ನಿಂತುಹೋಯಿತು.

ಆ ಮೌನದಲ್ಲಿ ಮುನಿವೆಂಕಟಮ್ಮ ಎದ್ದಳು. ಬಾಯಿಗೆ ಒತ್ತಿಕೊಂಡಿದ್ದ ಸೆರಗು ತೆಗೆದಳು.

"ನಂಗೆ ಕೇಳಿತ್ತು ಕಣಪ್ಪಾ... ಮೊದಲು ಕೂಗು, ಆಮೇಲೆ ಸದ್ದು. ಮೇಕೆ ಮರಿ ಕ್ವಾರಿ ಒಳಗೆ ಉಳ್ಕೊಂಡಿದೆ ಅಂತ ಅವರೇ ಓಡಿದ್ದು. ನಾನು ಅಂಗಳದಾಗಿಂದ ಕೂಗ್ಕೊಂಡೆ. ಕಾಗದ ಹಂಗೇಳ್ತು ಅಂತ ನನ್ನ ಕಿವೀನೇ ಸುಳ್ಳು ಅನ್ಕೊಂಬಿಟ್ಟೆ!"

ತಹಸೀಲ್ದಾರ್ ಹಾಳೆ ಮಡಿಸಿದರು. ಜೀಪಿನ ಕಡೆ ಕೈ ಮಾಡಿ, ವೇಣುಗೋಪಾಲ್‌ಗೆ ಹತ್ತೋಕೆ ಹೇಳಿದರು. "ಸ್ಟೇಷನ್ನಿಗೆ ಬಂದು ಹೇಳಿಕೆ ಕೊಡ್ರಿ. ಗೊತ್ತಿದ್ದೂ ಯಾಕೆ ಮುಚ್ಚಿಟ್ರಿ ಅಂತ." ಆಮೇಲೆ ಬನಶಂಕರಿಯನ್ನು ನೋಡಿದರು. "ನೀನೂ ಬರಬೇಕಾಗತ್ತಮ್ಮ, ನಾಳೆ."

"ಬರ್ತೀನಿ ಸಾರ್."

"ಏನಪ್ಪಾ ಬೈರೇಶ್, ಕ್ವಾರಿಯವರಿಗೆ ಹೇಳಿ ನಿನ್ನ ಕೆಲಸ ವಾಪಸ್ ಕೊಡಿಸ್ಲಾ?"

ಬೈರೇಶ ಬೇಡ ಅನ್ನೋ ಹಾಗೆ ಕೈಮುಗಿದ. ಅತ್ತೆಯ ಹತ್ತಿರ ಹೋಗಿ ಅವಳ ತಲೆಯನ್ನು ಎದೆಗೊತ್ತಿಕೊಂಡ. ಆಮೇಲೆ ಯಾರ ಕಡೆಗೂ ನೋಡದೆ ಗೇಟು ದಾಟಿ ಊರಿನ ಕಾಲುದಾರಿ ಹಿಡಿದ.

ಬನಶಂಕರಿ ಓಡಿದಳು.

"ಬೈರೇಶ್!"

ಅವನು ನಿಂತ. ತಿರುಗಲಿಲ್ಲ.

"ಕೋಪ ಹೋಗಿಲ್ವಾ?"

"ಇಲ್ಲ."

"ಒಂಚೂರೂ?"

"ನಿಮ್ಮ ಮೇಲೆ ಅಲ್ಲ," ಅಂದ ತಡೆದು. "ಅವತ್ತು ನಕ್ಕೋರ ಮೇಲೆ. ಅದು ಹೋಗಲ್ಲ. ಅದನ್ನ ಹೊತ್ಕೊಂಡೇ ಇರೋನು ನಾನು. ನೋಡ್ಕೊಳ್ಳಿ."

"ನೋಡ್ಕೊಂಡೇ ಬಂದೆ." ಅವಳಿಗೆ ಏದುಸಿರು. "ಆ ಎರಡು ಸಲ ಒತ್ತಿದ್ದು... ಅದರರ್ಥ ನಾನೇ ಎಲ್ಲರ ಮುಂದೆ ಹೇಳ್ಬಿಟ್ಟೆ ಅನ್ಸತ್ತೆ. ತಪ್ಪಾ?"

ಅವನ ಕುತ್ತಿಗೆ ಕೆಂಪಗಾದದ್ದು ಹಿಂದಿನಿಂದಲೂ ಕಂಡಿತು.

"ಮನೆಗೆ ಹೋದ್ರೆ ಅಪ್ಪ ಬಾಗಿಲು ತೆಗೀತಾರೋ ಇಲ್ವೋ ಗೊತ್ತಿಲ್ಲ. ಕೆಲಸಾನೂ ಹೋಯ್ತು." ಅವಳ ದನಿ ಸಣ್ಣದಾಯಿತು. "ನಾನೂ ಜೊತೆಗೆ ಬರ್ಲಾ?"

ಗಾಳಿ ಇರಲಿಲ್ಲ. ಒಂದು ಎಲೆಯೂ ಅಲುಗಲಿಲ್ಲ.

ಬೈರೇಶ ದಾರಿಯ ನಡುವಿನಿಂದ ಪಕ್ಕದ ಜಾಲಿಮುಳ್ಳಿನ ಕಡೆಗೆ ಸರಿದು, ಒಬ್ಬರು ನಡೆಯುವಷ್ಟು ಹಸನಾದ ಜಾಗ ಬಿಟ್ಟು, ಮೆಲ್ಲಗೆ ನಡೆಯತೊಡಗಿದ.